ಹುಣಸೆ ಬೀಜದ ಗೋದಾಮು



ಕಾಲೇಜಿನಲ್ಲಿ ಪ್ರವೇಶಾತಿ ನಡೆಯುತ್ತಿದ್ದ ದಿನಗಳು. ತಿಪಟೂರು ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಕೊಬ್ಬರಿ ವ್ಯಾಪಾರಿ. ಬಿಳಿ ಪಂಚೆ, ಅಂಗಿಯ ಜೇಬಿನಲ್ಲಿ ಸಣ್ಣದೊಂದು ಡೈರಿ. ಮಗಳು ಹೊರಗೆ ಫಾರ್ಮು ತುಂಬುತ್ತಿದ್ದಾಗ ಅವರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಮೇಡಂ, ಬೇಜಾರು ಮಾಡ್ಕೋಬೇಡಿ. ಈ ಸಪ್ಲೈ ಚೈನು ಅಂದ್ರೆ ಲಾರಿ ಆಫೀಸಿನ ಕೆಲ್ಸ ತಾನೆ? ಅದಕ್ಕೆ ಮೂರು ವರ್ಷ ಓದೋದೇನಿದೆ?"

ನನಗೆ ಬೇಜಾರಾಗಲಿಲ್ಲ. ಲಾರಿ ಆಫೀಸನ್ನು ನಾನು ಹಗುರವಾಗಿ ಕಂಡವಳೂ ಅಲ್ಲ. "ನಿಮ್ಮ ಗೋಡೌನಿನಲ್ಲಿ ಈಗ ಎಷ್ಟು ಚೀಲ ಇದೆ?" ಅಂದೆ. ಡೈರಿ ತೆಗೆಯದೆಯೇ ಲೆಕ್ಕ ಹೇಳಿದರು. "ಯಾಕೆ ಮಾರಿಲ್ಲ?" "ಹಬ್ಬದ ಆರ್ಡರು ಬರ್ಲಿ ಅಂತ." "ಬರದಿದ್ದರೆ?" ಅವರು ನಕ್ಕುಬಿಟ್ಟರು. "ಅದು ಗೊತ್ತಾಗಿದ್ರೆ ನಾನು ಇಷ್ಟೊತ್ತಿಗೆ ಎಲ್ಲಿರ್ತಿದ್ದೆ, ಮೇಡಂ!"

ನಿಮ್ಮ ಮಗಳು ಓದಲು ಬಂದಿರುವುದು ಆ ‘ಬರದಿದ್ದರೆ’ಯನ್ನೇ ಎಂದೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಆದರೆ ಫೀಸು ಕಟ್ಟಿ ಹೋದರು.

ಪಠ್ಯಪಟ್ಟಿಯಲ್ಲಿ ಈ ವಿಷಯದ ಹೆಸರು ‘ಪೂರೈಕೆ ಸರಪಳಿ ನಿರ್ವಹಣೆ’. ಮಕ್ಕಳು ಚಿಕ್ಕದಾಗಿ ‘ಎಸ್‌ಸಿಎಂ’ ಅನ್ನುತ್ತಾರೆ. ಹೆಸರಿಗೆ ಹೆಚ್ಚು ವಯಸ್ಸಾಗಿಲ್ಲ. ಕೀತ್ ಆಲಿವರ್ ಎಂಬ ಸಲಹೆಗಾರ 1982ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಮಾತಾಡುತ್ತ ಬಳಸಿದ ಮೇಲೆ ಅದು ಚಾಲ್ತಿಗೆ ಬಂತು. ಅದಕ್ಕೂ ಮುಂಚೆ ಖರೀದಿಯವರು ಬೇರೆ, ಗೋದಾಮಿನವರು ಬೇರೆ, ಸಾಗಣೆಯವರು ಬೇರೆ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಜಗಳವಾದಾಗ. ಸರಪಳಿ ಎಂಬ ಮಾತು ಮಾತ್ರ ನನಗೆ ಅಷ್ಟಾಗಿ ಒಗ್ಗಿಲ್ಲ. ಸರಪಳಿಯ ಒಂದು ಕೊಂಡಿ ಎಳೆದರೆ ಪಕ್ಕದ್ದು ತಕ್ಷಣ ಕದಲುತ್ತದೆ. ಇಲ್ಲಿ ಹಾಗಿಲ್ಲ. ಇಲ್ಲಿ ಎಳೆಯುವುದು ಇವತ್ತು, ಕದಲುವುದು ತಿಂಗಳಾದ ಮೇಲೆ. ಆ ನಡುವಿನ ತಿಂಗಳೇ ನಮ್ಮ ಪಾಠ.

ಅದನ್ನು ಬಾಯಲ್ಲಿ ಹೇಳಿದರೆ ಹದಿನೆಂಟರ ಮಕ್ಕಳಿಗೆ ಹತ್ತುವುದಿಲ್ಲ. ಹಾಗಾಗಿ ಮೊದಲ ವಾರ ನಾನು ಆಟ ಆಡಿಸುತ್ತೇನೆ. ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಮತ್ತು ಅವರ ಬಳಗದವರು ಸುಮಾರು 1960ರ ಹೊತ್ತಿಗೆ ರೂಪಿಸಿದ ಆಟ ಇದು; ಲೋಕದಲ್ಲೆಲ್ಲ ಇದಕ್ಕೆ ‘ಬಿಯರ್ ಆಟ’ ಎಂದೇ ಹೆಸರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ನೋಟಿಸ್ ಬೋರ್ಡಿನಲ್ಲಿ "ಶುಕ್ರವಾರ ಮಧ್ಯಾಹ್ನ ಬಿಯರ್ ಆಟ, ಹಾಜರಾತಿ ಕಡ್ಡಾಯ" ಎಂದು ಬರೆದು ಹಾಕಿದ್ದೆ. ಆ ಶುಕ್ರವಾರದಷ್ಟು ತುಂಬಿದ ತರಗತಿಯನ್ನು ನಾನು ಮತ್ತೆ ಕಂಡಿಲ್ಲ. ಮರುವರ್ಷದಿಂದ ಅದು ‘ಗೋಲಿ ಸೋಡಾ ಆಟ’ ಆಯಿತು. ಸೋಡಾ ಕ್ರೇಟಿನ ಬದಲಿಗೆ ಹುಣಸೆ ಬೀಜ.

ಆಟ ಹೀಗೆ. ಉದ್ದನೆಯ ಮೇಜು, ನಾಲ್ಕು ಜನ. ಒಬ್ಬ ಅಂಗಡಿಯವನು, ಒಬ್ಬ ಸಗಟು ವ್ಯಾಪಾರಿ, ಒಬ್ಬ ವಿತರಕ, ಕೊನೆಗೆ ಕಾರ್ಖಾನೆ. ಗಿರಾಕಿಗೆ ಎಷ್ಟು ಸೋಡಾ ಬೇಕೆಂಬ ಚೀಟಿ ಅಂಗಡಿಯವನಿಗೆ ಮಾತ್ರ ಕಾಣುತ್ತದೆ. ಅವನು ತನಗೆ ಬೇಕಾದಷ್ಟನ್ನು ಬರೆದು ಮೇಲಿನವನಿಗೆ ಕಳಿಸುತ್ತಾನೆ, ಆ ಮೇಲಿನವನು ತನ್ನ ಮೇಲಿನವನಿಗೆ. ಚೀಟಿ ತಲುಪಲು ಎರಡು ವಾರ, ಸರಕು ಬರಲು ಇನ್ನೆರಡು ವಾರ. ಮಿಕ್ಕ ಬೀಜಕ್ಕೆ ವಾರಕ್ಕೆ ಎಂಟಾಣೆ ದಂಡ, ಕೊಡಲಾಗದೆ ಬಾಕಿ ಉಳಿಸಿದ್ದಕ್ಕೆ ಒಂದು ರೂಪಾಯಿ. ಒಬ್ಬರೊಬ್ಬರು ಮಾತಾಡುವಂತಿಲ್ಲ. ಇಷ್ಟೇ ನಿಯಮ.

ಮೊದಲ ನಾಲ್ಕು ವಾರ ಎಲ್ಲ ಸುಗಮ. ಏಳನೆಯ ವಾರಕ್ಕೆ ಅಂಗಡಿಯವನ ಬಟ್ಟಲು ಬರಿದಾಗುತ್ತದೆ. ಅವನು ಗಾಬರಿ ಬಿದ್ದು ಹೆಚ್ಚು ಬರೆಯುತ್ತಾನೆ. ಸಗಟಿನವನು ಅದಕ್ಕಿಂತ ಹೆಚ್ಚು, ವಿತರಕ ಅದಕ್ಕೂ ಹೆಚ್ಚು. ಹನ್ನೆರಡನೆಯ ವಾರಕ್ಕೆ ಮೇಜಿನ ಸುತ್ತ ಕಣ್ಣಲ್ಲೇ ಜಗಳ ಶುರುವಾಗಿರುತ್ತದೆ. ಹದಿನೆಂಟನೆಯ ವಾರಕ್ಕೆ ಕಾರ್ಖಾನೆಯಿಂದ ಹುಣಸೆ ಬೀಜದ ಪ್ರವಾಹ! ಬಟ್ಟಲು ತುಂಬಿ, ಮೇಜು ತುಂಬಿ, ನೆಲಕ್ಕೆ ಉರುಳುತ್ತವೆ. ಆಗ ಯಾರಿಗೂ ಒಂದು ಕ್ರೇಟೂ ಬೇಡ. ಚೀಟಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

ಆಟ ಮುಗಿದ ಮೇಲೆ ಹಿಂದೆ ಕೂತ ಮೂವರಿಗೂ ಒಂದು ಹಾಳೆ ಕೊಟ್ಟು, ಗಿರಾಕಿಯ ಬೇಡಿಕೆ ಹೇಗಿದ್ದಿರಬಹುದು, ಗೆರೆ ಎಳೆದು ತೋರಿಸಿ ಅನ್ನುತ್ತೇನೆ. ಚಾರ್ಮಾಡಿ ಘಾಟಿಯ ರಸ್ತೆಯ ಹಾಗೆ ಏರಿಳಿತದ ಗೆರೆ ಎಳೆದು ಕೊಡುತ್ತಾರೆ. "ಗಿರಾಕಿ ಹುಚ್ಚ ಮೇಡಂ" ಎಂದು ಒಬ್ಬ, "ಗಿರಾಕಿ ಅಲ್ಲ, ಇವನು" ಎಂದು ಅಂಗಡಿಯವನತ್ತ ಬೆರಳು ತೋರಿಸುವವಳು ಒಬ್ಬಳು. ಆಮೇಲೆ ನಾನು ಗಿರಾಕಿಯ ಚೀಟಿಗಳನ್ನು ಒಂದೊಂದಾಗಿ ಓದುತ್ತೇನೆ. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಐದನೆಯ ವಾರದಿಂದ ಎಂಟು, ಎಂಟು, ಎಂಟು. ಕೊನೆಯವರೆಗೂ ಎಂಟೇ. ಗಿರಾಕಿ ಬದಲಾದದ್ದು ಒಂದೇ ಒಂದು ಸಲ.

ಆಗ ತರಗತಿಯಲ್ಲಿ ಒಂದು ಮೌನ ಇಳಿಯುತ್ತದಲ್ಲ, ಅದಕ್ಕಾಗಿ ನಾನು ವರ್ಷವೆಲ್ಲ ಕಾಯುತ್ತೇನೆ.

ಎಂಐಟಿಯವರೇ ಆದ ಜಾನ್ ಸ್ಟರ್ಮನ್ ಈ ಆಟದ ಫಲಿತಾಂಶಗಳನ್ನು ಅಳೆದು 1989ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಾಗಲಿ, ಕಂಪನಿಗಳ ಅಧಿಕಾರಿಗಳಾಗಲಿ ಎಡವುವುದು ಒಂದೇ ಜಾಗದಲ್ಲಿ. ತಾವು ಆಗಲೇ ತರಿಸಲು ಹೇಳಿ, ದಾರಿಯಲ್ಲಿರುವ ಸರಕನ್ನು ಮರೆಯುತ್ತಾರೆ. ಬಟ್ಟಲು ಖಾಲಿ ಕಂಡ ಕೂಡಲೇ ಇನ್ನೊಂದು ಚೀಟಿ, ಮತ್ತೊಂದು ಚೀಟಿ. ಕಣ್ಣಿಗೆ ಕಾಣದ್ದು ಲೆಕ್ಕಕ್ಕಿಲ್ಲ. ಇದನ್ನು ಓದಿದಾಗ ನನಗೆ ನನ್ನ ಅಡುಗೆಮನೆ ನೆನಪಾಯಿತು: ನಾನು ತೊಗರಿಬೇಳೆ ಮುಗಿಯಿತೆಂದು ಬರೆಸಿರುತ್ತೇನೆ, ಯಜಮಾನರೂ ಬರುವಾಗ ತಂದಿರುತ್ತಾರೆ, ಅತ್ತೆಯವರು ಹುಡುಗನ ಕೈಲಿ ತರಿಸಿರುತ್ತಾರೆ. ಮೂರು ತಿಂಗಳು ಹುಳ ಆರಿಸುವ ಕೆಲಸ ಯಾರದು ಅಂತ ಕೇಳಬೇಡಿ.

ಆರ್ಡರಿನ ಈ ಹುಯ್ದಾಟಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ಚಾಟಿಯ ಮೇಲಿನದು. ನಾನು ‘ಬಾರುಕೋಲಿನ ಬೀಸು’ ಅನ್ನುತ್ತೇನೆ. ಗಾಡಿ ಹೊಡೆಯುವವನ ಕೈ ಕದಲುವುದು ಒಂದು ಗೇಣು, ಬಾರಿನ ತುದಿ ಹಾರುವುದು ಮಾರುದ್ದ. ಹೌ ಲೀ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1997ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ಮಕ್ಕಳ ಡೈಪರ್. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ನೋಡುತ್ತಾರೆ, ಅಂಗಡಿಗಳಲ್ಲಿ ಮಾರಾಟ ಹೆಚ್ಚುಕಮ್ಮಿ ಒಂದೇ ಸಮ. ಕೂಸುಗಳು ಒಂದು ವಾರ ಜಾಸ್ತಿ, ಒಂದು ವಾರ ಕಮ್ಮಿ ಒದ್ದೆ ಮಾಡುವುದಿಲ್ಲವಷ್ಟೆ. ಆದರೂ ವಿತರಕರಿಂದ ಬರುವ ಆರ್ಡರು ಎದ್ದು ಬಿದ್ದು ಕುಣಿಯುತ್ತಿತ್ತು. ಲೀ ಅವರು ಗುರುತಿಸಿದ ಕಾರಣಗಳಲ್ಲಿ ಒಂದನ್ನು ನಮ್ಮ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಮುಂಗಾರು ಹಿಡಿದ ಮೇಲೆ "ಈ ಸಲ ಯೂರಿಯಾ ಸಿಗಲ್ಲವಂತೆ" ಎಂಬ ಮಾತು ಊರಿಗೆ ಬರಲಿ. ಎರಡು ಚೀಲ ಬೇಕಾದವರು ನಾಲ್ಕು ಕೇಳುತ್ತಾರೆ, ಸೊಸೈಟಿಯ ಮುಂದೆ ನಸುಕಿಗೇ ಸಾಲು ನಿಲ್ಲುತ್ತದೆ, ಸಿಗಲ್ಲವೆಂಬ ಸುದ್ದಿ ತಾನೇ ನಿಜವಾಗುತ್ತದೆ. ಸಾಲಿನಲ್ಲಿ ನಿಂತವರು ಯಾರೂ ಕೆಟ್ಟವರಲ್ಲ. ತಮ್ಮ ತಮ್ಮ ಜಾಗದಲ್ಲಿ ನಿಂತು ನೋಡಿದರೆ ಎಲ್ಲರದೂ ಸರಿಯಾದ ನಡೆಯೇ.

ಹಾಗಂತ ನಾವು ಬರೀ ಆಟ ಆಡಿಸುವುದಿಲ್ಲ. ಲೆಕ್ಕವೂ ಇದೆ, ಮತ್ತು ಲೆಕ್ಕ ಚೆನ್ನಾಗಿದೆ. ಅದರಲ್ಲಿ ಅಜ್ಜನಂಥ ಸೂತ್ರ 1913ರದು. ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಕಾರ್ಖಾನೆಯವರ ಪತ್ರಿಕೆಯೊಂದಕ್ಕೆ ಬರೆದದ್ದು: ಒಂದು ಸಲಕ್ಕೆ ಎಷ್ಟು ತರಿಸಬೇಕು? ವರ್ಷಕ್ಕೆ 1,200 ಚೀಲ ಅಕ್ಕಿ ಮಾರುವ ಅಂಗಡಿ ಅನ್ನಿ. ಒಂದು ಸಲ ತರಿಸುವ ಖರ್ಚು, ಲಾರಿ ಬಾಡಿಗೆ ಹಮಾಲಿ ಎಲ್ಲ ಸೇರಿ, 150 ರೂಪಾಯಿ. ಒಂದು ಚೀಲವನ್ನು ವರ್ಷ ಪೂರ್ತಿ ಇಟ್ಟುಕೊಳ್ಳಲು, ಬಡ್ಡಿ ಬಾಡಿಗೆ ಇಲಿ ಎಲ್ಲ ಸೇರಿ, 100 ರೂಪಾಯಿ. ಸೂತ್ರ ಹೇಳುತ್ತದೆ: ಸಲಕ್ಕೆ 60 ಚೀಲ ತರಿಸು. ಆಗ ತರಿಸುವ ಖರ್ಚು ವರ್ಷಕ್ಕೆ 3,000, ಇಟ್ಟುಕೊಳ್ಳುವ ಖರ್ಚೂ 3,000. ತಕ್ಕಡಿ ಸಮ. ನನಗೆ ಇಷ್ಟವಾಗುವುದು ಅದಕ್ಕಿಂತ ಮುಂದಿನ ಸಂಗತಿ. ಅರವತ್ತರ ಬದಲು 80 ಚೀಲ ತರಿಸಿದರೂ ಒಟ್ಟು ಖರ್ಚು 6,000 ಇದ್ದದ್ದು 6,250 ಆಗುತ್ತದೆ, ಅಷ್ಟೇ. ತಪ್ಪನ್ನು ಇಷ್ಟು ಉದಾರವಾಗಿ ಕ್ಷಮಿಸುವ ಸೂತ್ರ ಗಣಿತದಲ್ಲಿ ಅಪರೂಪ. ಇನ್ನೊಂದು ಮಾತು. ಈ ಹ್ಯಾರಿಸ್ ಹೈಸ್ಕೂಲು ದಾಟಿ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಅವನ ಸೂತ್ರ ಬರೆಯದೆ ಈ ಪದವಿ ಯಾರಿಗೂ ಸಿಗುವುದಿಲ್ಲ.

ಎರಡನೆಯ ಲೆಕ್ಕ ಹೂವಿನದು. ಪುಸ್ತಕದಲ್ಲಿ ಅದು ಪತ್ರಿಕೆ ಮಾರುವ ಹುಡುಗನ ಲೆಕ್ಕ. ಅದರ ಬೇರು ಇನ್ನೂ ಹಿಂದಕ್ಕೆ, 1888ರಲ್ಲಿ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಬ್ಯಾಂಕಿನಲ್ಲಿ ಎಷ್ಟು ನಗದು ಇಟ್ಟಿರಬೇಕೆಂದು ಹಾಕಿದ ಲೆಕ್ಕಕ್ಕೆ ಹೋಗುತ್ತದೆ. ನಾನು ಅದನ್ನು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಾಡಗಿತ್ತಿಗೆ ಒಪ್ಪಿಸಿದ್ದೇನೆ. ಮಾರಿಗೆ 60 ರೂಪಾಯಿಯಂತೆ ಮಲ್ಲಿಗೆ ತಂದು 100ಕ್ಕೆ ಮಾರುತ್ತಾಳೆ. ಹೋದರೆ 40 ಲಾಭ. ಉಳಿದರೆ 60 ನಷ್ಟ, ಬಾಡಿದ ಹೂವನ್ನು ಕೇಳುವವರಿಲ್ಲ. ಎಷ್ಟು ತರಬೇಕು? ಲೆಕ್ಕ ಹೇಳುತ್ತದೆ: ನೂರು ದಿನದಲ್ಲಿ 40 ದಿನ ಎಲ್ಲರಿಗೂ ಸಾಲುವಷ್ಟು ತಾ, ಉಳಿದ 60 ದಿನ ಗಿರಾಕಿ ಬರಿಗೈಲಿ ಹೋದರೂ ಚಿಂತೆಯಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದೇ ಮಾರು 100ಕ್ಕೆ ತಂದು 250ಕ್ಕೆ ಮಾರುವಂತಾದರೆ ಮಾತು ತಿರುಗುತ್ತದೆ, ಈಗ ನೂರರಲ್ಲಿ 60 ಸಲ ಸಾಲಬೇಕು. ಧೈರ್ಯವಾಗಿ ಎತ್ತು.

ಇದನ್ನು ಬೋರ್ಡಿನ ಮೇಲೆ ಬಿಡಿಸಿ ತಿರುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಮ್ಮಜ್ಜಿ ಮೂವತ್ತು ವರ್ಷದಿಂದ ಇದನ್ನೇ ಮಾಡ್ತಿದಾಳೆ. ಸೂತ್ರ ಇಲ್ದೆ." ನಿಜ. ಹಾಗಾದರೆ ನಾವೇಕೆ ಕಲಿಸಬೇಕು? ಆ ಅಜ್ಜಿಗೆ ಇರುವುದು ಒಂದು ಬುಟ್ಟಿ. ಗಿರಾಕಿಯ ಮುಖ ಎದುರಿಗೇ ಇದೆ, ಆಕಾಶ ಕಾಣುತ್ತದೆ, ಪಕ್ಕದವಳ ಬುಟ್ಟಿಯಲ್ಲಿ ಎಷ್ಟಿದೆ ಅಂತಲೂ ಕಾಣುತ್ತದೆ. ಅವಳ ಮೊಮ್ಮಗ ನಾಳೆ ಕೂರುವುದು ಹತ್ತು ಸಾವಿರ ಬುಟ್ಟಿಗಳ ಲೆಕ್ಕದ ಮುಂದೆ, ಒಬ್ಬ ಗಿರಾಕಿಯ ಮುಖವೂ ಕಾಣದ ಕೋಣೆಯಲ್ಲಿ. ಅಜ್ಜಿಯ ಕಣ್ಣಿಲ್ಲದ ಕಡೆ ಸೂತ್ರ ಬೇಕಾಗುತ್ತದೆ.

2023ರ ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಕೋಲಾರದ ಎಪಿಎಂಸಿಗೆ ಕರೆದುಕೊಂಡು ಹೋಗಿದ್ದೆ. ಟೊಮೇಟೊಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ಆ ಜುಲೈನಲ್ಲಿ 15 ಕಿಲೋ ತುಂಬುವ ಬಾಕ್ಸಿನ ಬೆಲೆ ಅಲ್ಲಿ 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತ ಸುದ್ದಿಯನ್ನು ನೀವೂ ಕೇಳಿರುತ್ತೀರಿ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಬೆಲೆ ಇಲ್ಲದೆ ಎಷ್ಟೋ ಜನ ನಾಟಿಯನ್ನೇ ಕಡಿಮೆ ಮಾಡಿದ್ದರು, ಜತೆಗೆ ಬಿಸಿಲು, ಎಲೆಮುದುಡು ರೋಗ. ನಾವು ಹೋದ ಸೆಪ್ಟೆಂಬರಿಗೆ ಬೆಲೆ ಮಗುಚಿ ಬಿದ್ದಿತ್ತು. ಮಂಡಿಯ ಮುಂದೆ ಕೆಂಪು ಗುಡ್ಡ. ಹರಾಜಿನವನ ದನಿಯಲ್ಲೂ ಕಸುವಿರಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಬಾಕ್ಸಿನ ಮೇಲೆ ಕೂತಿದ್ದ ರೈತರೊಬ್ಬರನ್ನು ಕೇಳಿದಳು: "ನೀವು ನಾಟಿ ಮಾಡ್ದಾಗ ಒಳ್ಳೆ ಬೆಲೆ ಇರುತ್ತೆ ಅಂತ ಯಾರು ಹೇಳಿದ್ರು, ಅಣ್ಣಾ?"

"ಯಾರೂ ಹೇಳ್ಲಿಲ್ಲಮ್ಮ. ಪಕ್ಕದ ತೋಟದೋನು ಹೊಸಾ ಟ್ರ್ಯಾಕ್ಟರ್ ತಂದ. ಅದೇ ಹೇಳ್ತು."

ಬೆಲೆ ನೋಡಿ ಸಸಿ ನೆಟ್ಟು, ಬೆಳೆ ಕೈಗೆ ಬರುವ ಹೊತ್ತಿಗೆ ಎರಡು ಮೂರು ತಿಂಗಳು. ನೋಡಿದ ಬೆಲೆಯೇ ಬೇರೆ, ಸಿಗುವ ಬೆಲೆಯೇ ಬೇರೆ. ಅಷ್ಟರಲ್ಲಿ ಟ್ರ್ಯಾಕ್ಟರಿನ ಮಾತನ್ನು ತಾಲ್ಲೂಕೆಲ್ಲ ಕೇಳಿಸಿಕೊಂಡಿರುತ್ತದೆ. ಅರ್ಥಶಾಸ್ತ್ರದವರು ಇದಕ್ಕೆ 1930ರ ದಶಕದಲ್ಲೇ ‘ಜೇಡರ ಬಲೆ’ ಎಂಬ ಹೆಸರಿಟ್ಟಿದ್ದಾರೆ. ಬೆಲೆ ಮತ್ತು ಬೆಳೆಯ ಚಿತ್ರ ಬರೆದರೆ ಗೆರೆ ಬಲೆಯ ಹಾಗೆ ಸುತ್ತುತ್ತ ಹೋಗುತ್ತದೆಂದು. ವಾಪಸು ಬರುವ ಬಸ್ಸಿನಲ್ಲಿ ಆ ಹುಡುಗಿ ಹೇಳಿದಳು, "ನಮ್ಮ ಆಟದಲ್ಲಿ ನೆಲಕ್ಕೆ ಬಿದ್ದಿದ್ದು ಹುಣಸೆ ಬೀಜ, ಮೇಡಂ." ಮುಂದೆ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆದಿತ್ತು, ಅವಳು ಹಾಡಲಿಲ್ಲ.

ಈ ವಿದ್ಯೆ ಹೊರಗಿನಿಂದ ಬಂದದ್ದು, ನಮ್ಮ ಮಣ್ಣಿಗೆ ಸಂಬಂಧವಿಲ್ಲ ಎಂದು ಯಾರಾದರೂ ಅಂದರೆ ನಾನು ಅವರನ್ನು ಶ್ರೀರಂಗಪಟ್ಟಣದ ಪಕ್ಕದ ಅರಕೆರೆಗೆ ಕರೆದೊಯ್ಯುತ್ತೇನೆ. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದು 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಅರಕೆರೆಯವರೆಗೆ ಬಂದ. ಮೇ 15ರ ಕಾಳಗವನ್ನು ಗೆದ್ದ. ಪಟ್ಟಣ ಕೈಯಳತೆಯಲ್ಲಿದೆ. ಆದರೆ ಟಿಪ್ಪು ದಾರಿಯುದ್ದದ ಮೇವು ದಿನಸಿ ಸಿಗದ ಹಾಗೆ ಮಾಡಿದ್ದ. ಮಳೆ ಹಿಡಿಯಿತು. ದೊಡ್ಡ ಫಿರಂಗಿಗಳನ್ನು ಎಳೆಯುವ ಎತ್ತುಗಳು ಹೊಟ್ಟೆಗಿಲ್ಲದೆ ಸತ್ತು ಬೀಳತೊಡಗಿದವು. ಎತ್ತಿನ ಲೆಕ್ಕದಲ್ಲಿ ಒಂದು ಕ್ರೂರ ಗಣಿತವಿದೆ: ಅದು ಹೊತ್ತದ್ದನ್ನೇ ಅದೂ ತಿನ್ನುತ್ತದೆ, ದಾರಿ ಉದ್ದವಾದಷ್ಟೂ ಹೇರು ಕರಗುತ್ತದೆ. ಕೊನೆಗೆ ಕಾರ್ನ್‌ವಾಲಿಸ್ ತನ್ನ ಕೋಟೆ ಒಡೆಯುವ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಕ್ಕೆ ಹೊರಟ. ಹೊರಟ ಮೇಲೆ, ಮೇಲುಕೋಟೆಯ ಕಡೆ, ಎದುರಿಗೆ ಮರಾಠರ ದಂಡು. ಅವನ ಮಿತ್ರ ಸೈನ್ಯವೇ. ಜತೆಯಲ್ಲಿ ದವಸದ ದೊಡ್ಡ ಬಜಾರು!

ಅವರು ಇಷ್ಟು ಹತ್ತಿರ ಬಂದಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಸುದ್ದಿ ತರುತ್ತಿದ್ದ ಹರಿಕಾರರನ್ನು ಟಿಪ್ಪುವಿನ ಕುದುರೆ ಸವಾರರು ದಾರಿಯಲ್ಲೇ ಹಿಡಿಯುತ್ತಿದ್ದರು. ದವಸ ಇತ್ತು, ಸುದ್ದಿ ಇರಲಿಲ್ಲ. ಯುದ್ಧದ ನ್ಯಾಯ ಅನ್ಯಾಯ ಬೇರೆ ಮಾತು. ಪಾಠ ಹೇಳುವವಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹಾರ್ವರ್ಡಿನ ಯಾವ ಕೇಸ್ ಸ್ಟಡಿಯಲ್ಲೂ ಸಿಕ್ಕಿಲ್ಲ. ಮುಂದಿನ ಸಲ ಕಾರ್ನ್‌ವಾಲಿಸ್ ಬರುವಾಗ ಎತ್ತಿನ ಬೆನ್ನ ಮೇಲೆ ದವಸ ಹೇರಿಕೊಂಡು ದೇಶವೆಲ್ಲ ತಿರುಗುವ ಬಂಜಾರರನ್ನು, ನಮ್ಮ ಲಂಬಾಣಿಗಳ ಹಿರಿಯರನ್ನು, ನೆಚ್ಚಿಕೊಂಡ. ಮೈಸೂರಿನ ಕಡೆಯ ವಿದ್ಯೆಯೂ ಕಡಿಮೆಯದಲ್ಲ: ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ದಂಡಿನ ಸಾಗಣೆಗೆಂದೇ ಎತ್ತು ಸಾಕುವ ಇಲಾಖೆ ಅದು. ಆ ತಳಿಯನ್ನು ಅಜ್ಜಂಪುರದಲ್ಲಿ ಈಗಲೂ ನೋಡಬಹುದು. ಈ ಭಾಗ ಪರೀಕ್ಷೆಗೆ ಬರುತ್ತಾ ಎಂದು ಮಕ್ಕಳು ಕೇಳುತ್ತಾರೆ. ಬರುವುದಿಲ್ಲ.

ರೇಡಿಯೊ ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ, ಹಾಗಾಗಿ ಈ ವಿಷಯವನ್ನು ಎಲ್ಲಿ ಓದಬಹುದು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ಹಲವು ಕಾಲೇಜುಗಳಲ್ಲಿ ಬಿಬಿಎ, ಎಂಬಿಎಗಳ ಒಳಗೆ ಈ ವಿಷಯವಿದೆ. ಬೆಂಗಳೂರಿನ ಐಐಎಂನಲ್ಲಿ ಇದಕ್ಕೇ ಒಂದು ಅಧ್ಯಯನ ಕೇಂದ್ರವಿದೆ. 1963ರಲ್ಲಿ ಶುರುವಾದ ಮುಂಬೈನ ನೈಟಿ (NITIE) ಸಂಸ್ಥೆ ಈಗ ಐಐಎಂ ಮುಂಬೈ. ವಡೋದರದಲ್ಲಿ ರೈಲ್ವೆ ಸಚಿವಾಲಯದ ಆಶ್ರಯದ ಗತಿಶಕ್ತಿ ವಿಶ್ವವಿದ್ಯಾಲಯ 2022ರಿಂದ ನಡೆಯುತ್ತಿದೆ. ದುಡ್ಡಿಲ್ಲದವರು ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ ಆನ್‌ಲೈನ್ ಪಾಠವನ್ನು ಪುಕ್ಕಟೆ ಕೇಳಬಹುದು. ಪ್ರವೇಶಕ್ಕೆ ಹೋದಾಗ ಕಟ್ಟಡ ನೋಡಬೇಡಿ. ಮಕ್ಕಳನ್ನು ಗೋದಾಮಿಗೆ ಎಷ್ಟು ದಿನ ಕಳಿಸುತ್ತೀರಿ ಎಂದು ಕೇಳಿ. ಒಂದು ದಿನ ಬಸ್ಸಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುವುದು ಲೆಕ್ಕಕ್ಕಿಲ್ಲ. ಸಾಫ್ಟ್‌ವೇರಿನ ಸರ್ಟಿಫಿಕೇಟು ಕೊಡಿಸುತ್ತೇವೆಂದು ಹೆಚ್ಚುವರಿ ಫೀಸು ಕೇಳುವ ಕಡೆ ನನಗೆ ಅನುಮಾನ ಜಾಸ್ತಿ. ಸಂಖ್ಯಾಶಾಸ್ತ್ರ ಚೆನ್ನಾಗಿ ಕಲಿಸುತ್ತಾರೆಯೇ ನೋಡಿ. ಹಿಂದಿ, ತಮಿಳು, ತೆಲುಗಿನಲ್ಲಿ ನಾಲ್ಕು ಮಾತು ಬಂದರೆ ಅದೇ ದೊಡ್ಡ ಸರ್ಟಿಫಿಕೇಟು, ಯಾಕೆಂದರೆ ನೀವು ಮಾತಾಡಬೇಕಾದದ್ದು ಲಾರಿ ಡ್ರೈವರುಗಳ ಜತೆ. ಮೊದಲ ಕೆಲಸ ರಾತ್ರಿ ಪಾಳಿಯದಾಗಿರುತ್ತದೆ; ಅದನ್ನು ಯಾವ ಕೈಪಿಡಿಯೂ ಮುಂಚೆ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಕೋಲಾರದ ಬಸ್ಸಿನಲ್ಲಿ ಹಾಡದೆ ಕೂತಿದ್ದ ಆ ಹುಡುಗಿಗೆ ಈಗ ಕೆಲಸವಾಗಿದೆ. ದಾಬಸ್‌ಪೇಟೆಯ ಕಡೆ ದೊಡ್ಡದೊಂದು ಗೋದಾಮಿನಲ್ಲಿ. ಈಚೆಗೆ ಒಂದು ರಾತ್ರಿ ಹನ್ನೊಂದರ ಮೇಲೆ ಫೋನು ಮಾಡಿದಳು. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಲೋಡು ಬಂದಿಲ್ಲ. ಅಂಗಡಿಗಳಿಂದ ಮೇಲಿಂದ ಮೇಲೆ ಕರೆ. ಅವಳ ಮೇಲಿನವರು ಇನ್ನೊಂದು ಲೋಡು ತರಿಸು ಅನ್ನುತ್ತಿದ್ದಾರೆ. ಪರದೆಯ ಮೇಲೆ ಲಾರಿಯ ಚುಕ್ಕಿ ಕಾಣುತ್ತಿದೆ, ತೀರಾ ಹತ್ತಿರವೇ ಇದೆ, ಆದರೆ ಕದಲುತ್ತಿಲ್ಲ.

"ಇನ್ನೊಂದು ಲೋಡು ಹೇಳಿಬಿಡ್ಲಾ, ಮೇಡಂ?"

"ಡ್ರೈವರಿಗೆ ಫೋನು ಮಾಡಿದೆಯಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಮಾಡ್ತೀನಿ, ಮೇಡಂ" ಎಂದು ಇಟ್ಟಳು.

ಹತ್ತು ನಿಮಿಷಕ್ಕೆ ಮತ್ತೆ ಕರೆ. ಡ್ರೈವರು ಹೊಸೂರಿನ ಕಡೆಯವನಂತೆ, ತಮಿಳಿನಲ್ಲಿ ಮಾತಾಡಿದನಂತೆ. ಬೆಳಿಗ್ಗೆ ಏಳೂವರೆಯಿಂದ ಇವರದೇ ಗೇಟಿನ ಹೊರಗೆ ಸಾಲಿನಲ್ಲಿ ನಿಂತಿದ್ದಾನೆ. ಒಳಗೆ ಬಿಡಲು ಜಾಗವಿಲ್ಲವೆಂದು ವಾಚ್‌ಮನ್ ತಡೆದಿದ್ದಾನೆ. ಎರಡು ಸಲ ಊಟ ಮುಗಿಸಿದ್ದಾನೆ.